ಮೊದಲನೇ ರಿಂಗಿಗೇ ಎತ್ತಿದ ಪೆಟ್ಟಿಗೆ

ನಡೆದದ್ದು ಇಷ್ಟು. ಒಂದು ಪೆಟ್ಟಿಗೆ ನಮ್ಮ ಮನೆಯ ಫೋನನ್ನು ಮೊದಲನೇ ರಿಂಗಿಗೇ ಎತ್ತಿಕೊಂಡಿತು, ಅದರಿಂದ ನಮ್ಮ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬರಲಿಲ್ಲ. ಇದನ್ನು ಹಣೆಬರಹ ಅಂದವರಿದ್ದಾರೆ. ಬೀಗಿತ್ತಿಯ ಜಂಬ ಅಂದವರಿದ್ದಾರೆ. ಶೂನ್ಯಮಾಸದ ದೋಷ ಅಂದವರೂ ಇದ್ದಾರೆ. ಅದ್ಯಾವುದೂ ಅಲ್ಲ. ಪೆಟ್ಟಿಗೆ, ಮತ್ತೆ ಅದರ ಮುಂದೆ ಕೂತ ನಮ್ಮ ಚಿಕ್ಕಪ್ಪ. ಅಷ್ಟೇ.

ಆಗೆಲ್ಲ ಬೀದಿಗೊಂದೇ ಫೋನು. ಹೊಳೆನರಸೀಪುರದ ನಮ್ಮ ಬೀದಿಯ ಫೋನು ನಮ್ಮ ಮನೆಯಲ್ಲಿತ್ತು, ಅಪ್ಪನಿಗೆ ಹಿಟ್ಟಿನ ಗಿರಣಿ ಇದ್ದದ್ದರಿಂದ. ನಿಮ್ಮ ಬೀದಿಯಲ್ಲೂ ಅಂಥದೊಂದು ಇದ್ದಿರಬೇಕು: ನಡುಮನೆಯ ಗೂಡಿನಲ್ಲಿ, ಮೇಲೆ ಹೂವು ಹಾಕಿದ ಬಟ್ಟೆ ಹೊದ್ದುಕೊಂಡು, ದೇವರಿಗಿಂತ ಚೊಕ್ಕಟವಾಗಿ. ಆ ಫೋನು ಹೊಡೆದುಕೊಂಡರೆ ಯಾರೂ ಓಡಿಹೋಗಿ ಎತ್ತುತ್ತಿರಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಎಣಿಸುತ್ತಿದ್ದರು. ಎರಡು ಸಲ ಹೊಡೆದು ನಿಂತರೆ ಎಲ್ಲ ಕ್ಷೇಮ ಅಂತ. ಮೂರು ಸಲ ಹೊಡೆದು ನಿಂತರೆ ಬನ್ನಿ ಅಂತ. ನಾಲ್ಕನೆಯದೂ ಹೊಡೆದರೆ ಮಾತಾಡುವುದಿದೆ ಅಂತ, ಆಗ ಎತ್ತುವುದು. ಎತ್ತದಿದ್ದರೆ ಆಚೆಯವರಿಗೂ ಖರ್ಚಿಲ್ಲ, ಈಚೆಯವರಿಗೂ ಖರ್ಚಿಲ್ಲ, ಸುದ್ದಿ ಮಾತ್ರ ತಲುಪುತ್ತಿತ್ತು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೀಗೇ ನಡೆಯುತ್ತಿತ್ತು. ಮೊದಲನೇ ರಿಂಗಿಗೇ ಫೋನ್ ಎತ್ತುವವನನ್ನು ಬೇರೆಯವರ ತಟ್ಟೆಗೆ ಕೈ ಹಾಕುವವನ ಹಾಗೆ ನೋಡುತ್ತಿದ್ದರು.

ಯಾರ ರಿಂಗು ಅಂತ ಹೊತ್ತಿನಿಂದಲೇ ಗೊತ್ತಾಗುತ್ತಿತ್ತು. ಸಂಜೆ ದೀಪ ಹಚ್ಚುವಾಗ ಬಂದರೆ ಎದುರುಮನೆ ಸಾವಿತ್ರಮ್ಮನ ಮಗ, ಚನ್ನರಾಯಪಟ್ಟಣ ತಲುಪಿದೆ ಅಂತ. ಬೆಳಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಬಂದರೆ ನಮ್ಮ ಅಕ್ಕ.

ಅಕ್ಕನ ಹೆಸರು ರತ್ನ. ಅರಕಲಗೂಡಿನ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದರು. ಹೊಲ, ಹೊಗೆಸೊಪ್ಪು, ಎರಡು ಸೀಮೆಹಸು, ಒಬ್ಬಳು ಗಟ್ಟಿ ಅತ್ತೆ. ದಿನಾ ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋಗುವವಳು, ವಾರಕ್ಕೊಂದು ಸಲ ಪಕ್ಕದ ಅಂಗಡಿಯ ಫೋನಿನಿಂದ ಎರಡು ರಿಂಗು ಕೊಟ್ಟು ಇಡುತ್ತಿದ್ದಳು. ಅವ್ವ ಒಲೆ ಮುಂದೆ ಕೂತೇ ಎಣಿಸಿ, ಆಮೇಲೆ ಬೆಂಕಿ ಊದುತ್ತಿದ್ದಳು. ಅವತ್ತಿನ ರೊಟ್ಟಿ ಸೀದು ಹೋಗುತ್ತಿರಲಿಲ್ಲ.

ಆ ವರ್ಷ ಅಕ್ಕನಿಗೆ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲದ್ದು ತವರಿನಲ್ಲೇ ಆಗಬೇಕು. ಅಪ್ಪ ದೀಪಾವಳಿಗೆ ಬಾಗಿನ ತೆಗೆದುಕೊಂಡು ಹೋಗಿ ಕೇಳಿದ್ದಕ್ಕೆ ಬೀಗಿತ್ತಿ, "ರಾಗಿ ಕಣ ಆಗೋಗ್ಲಿ ಬೀಗ್ರೆ. ಕಣ ಎದ್ದ ದಿನ ಅವಳ ಕೈಲೇ ಹೇಳ್ಕಳುಸ್ತೀವಿ. ಧನುರ್ಮಾಸ ಉಟ್ಟೋಕ್ ಮುಂಚೆ ಬಂದು ಕರ್ಕಂಡೋಗಿ. ಹೇಳ್ಕಳುಸ್ದೆ ಬಂದು ನಿಂತ್ಕಬ್ಯಾಡಿ," ಅಂದಿದ್ದಳು. ಧನುರ್ಮಾಸ ಹುಟ್ಟಿದರೆ ಶೂನ್ಯಮಾಸ, ಬಸುರಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಅದು ಮುಗಿದು ಸಂಕ್ರಾಂತಿ ಬರುವಷ್ಟರಲ್ಲಿ ಅಕ್ಕನ ದಿನ ಮುಗಿದಿರುತ್ತಿತ್ತು. ಹಾಗಾಗಿ ಎಲ್ಲ ನಿಂತದ್ದು ಮೂರು ರಿಂಗಿನ ಮೇಲೆ. ಅಕ್ಕ ಮೂರು ರಿಂಗು ಕೊಟ್ಟರೆ ಮಾರನೇ ದಿನ ಅಪ್ಪ ಬಸ್ಸು ಹತ್ತಬೇಕು.

ಅವ್ವ ಆಗಲೇ ಸಜ್ಜಾಗಿದ್ದಳು. ಅಪ್ಪನ ಹಳೇ ಪಂಚೆಗಳನ್ನು ಒಗೆದು ಮೆತ್ತಗೆ ಮಾಡಿ ಚೌಕ ಚೌಕ ಹರಿದಿಟ್ಟಳು. ಒಣಶುಂಠಿ, ಬೆಳ್ಳುಳ್ಳಿ, ಕೊಬ್ಬರಿ ಡಬ್ಬಕ್ಕೆ ಸೇರಿದವು. ನನ್ನನ್ನೂ ಸ್ಕೂಲಿನಿಂದ ಬಿಡಿಸಿದಳು. ಏಳು ಮುಗಿಸಿ ಎಂಟಕ್ಕೆ ಹೋಗುತ್ತಿದ್ದೆ. "ಬಾಣಂತನಕ್ಕೆ ಕೈಯಾಸರೆ ಯಾರವ್ರೆ? ಎಲ್ಡು ತಿಂಗ್ಳು ಮನೇಲಿರ್ಲಿ, ಆಮೇಲ್ ಓಗ್ತಾಳೆ," ಅಂದಳು. ನಾನು ಬೇಡ ಅನ್ನಲಿಲ್ಲ. ಅಕ್ಕನ ಮದುವೆಯಾಗುವವರೆಗೂ ನಾವಿಬ್ಬರೂ ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದವರು. ಅವಳು ಬರುತ್ತಾಳೆ ಅಂದರೆ ಎಂಟನೇ ಕ್ಲಾಸು ಯಾವ ಲೆಕ್ಕ.

ಇಂಥ ಹೊತ್ತಿಗೆ ಚಿಕ್ಕಪ್ಪ ಪೆಟ್ಟಿಗೆ ತಂದ.

ಚಿಕ್ಕಪ್ಪ ಅಂದರೆ ಅಪ್ಪನ ತಮ್ಮ ಸೋಮಶೇಖರ. ಮದುವೆ ಆಗಿರಲಿಲ್ಲ. ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕಡೆ ಇದ್ದ, ಆ ಕಾರ್ತೀಕದಲ್ಲಿ ಅದನ್ನು ಬಿಟ್ಟು ಊರಿಗೆ ಬಂದ. ಬರುವಾಗ ಅಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಕಂಪ್ಯೂಟರೊಂದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಅದರ ಜೊತೆಗೆ ಅಂಗೈಯಗಲದ ಇನ್ನೊಂದು ಪೆಟ್ಟಿಗೆ, ಮುಂದುಗಡೆ ಕೆಂಪು ದೀಪಗಳು. ಅದಕ್ಕೆ ಮೋಡೆಮ್ ಅನ್ನುತ್ತಾರಂತೆ. ಫೋನಿನ ವೈರನ್ನು ಅದಕ್ಕೆ ಚುಚ್ಚಿದರೆ ಕಂಪ್ಯೂಟರೇ ಫೋನ್ ಮಾಡುತ್ತದೆ, ಕಂಪ್ಯೂಟರೇ ಫೋನ್ ಎತ್ತುತ್ತದೆ.

ಚಿಕ್ಕಪ್ಪನ ಯೋಚನೆ ದೊಡ್ಡದು. ಹಾಸನದಲ್ಲಿ ಅವನ ಗೆಳೆಯ ಪ್ರಕಾಶ ಇಂಥದೇ ಒಂದನ್ನು ಇಟ್ಟುಕೊಂಡಿದ್ದ. ಚನ್ನರಾಯಪಟ್ಟಣದಲ್ಲಿ ಇನ್ನೊಬ್ಬ ಇಡುತ್ತೇನೆ ಅಂದಿದ್ದ. ಅರಕಲಗೂಡಿನಲ್ಲೂ ಒಬ್ಬನನ್ನು ಹಿಡಿಯುವುದು. ಆಲೂಗಡ್ಡೆ, ತೆಂಗಿನಕಾಯಿ, ಹೊಗೆಸೊಪ್ಪು, ಎಲ್ಲದರ ಸಮಾಚಾರ ಊರಿಂದೂರಿಗೆ ತಾನಾಗಿ ಓಡಾಡುವುದು.

"ಊರ್ಗೊಂದು ಬೋರ್ಡು ಕಣಣ್ಣ. ಪಂಚಾಯ್ತಿ ಕಟ್ಟೇಲಿ ನೋಟೀಸ್ ಬೋರ್ಡ್ ಇರ್ತದಲ್ಲ, ಅಂಗೆ. ಆದ್ರೆ ಗೋಡೆ ಮ್ಯಾಲಲ್ಲ, ಫೋನ್ ಒಳ್ಗೆ. ಇಲ್ಲಿ ಬರ್ದು ಆಕುದ್ರೆ ಬೆಳಗಾಗೋ ಹೊತ್ಗೆ ಹಾಸನದಾಗೆ ಓದ್ಬೋದು," ಅಂದ ಅಪ್ಪನಿಗೆ.

ಅಪ್ಪ ಮೈಮೇಲಿನ ರಾಗಿಹಿಟ್ಟು ಕೊಡವಿಕೊಂಡು ಹೇಳಿದ: "ಬರ್ದು ಬಸ್ಸಿನ ಕಂಡಕ್ಟ್ರು ಕೈಲಿ ಕೊಟ್ರೂ ಬೆಳಿಗ್ಗೆ ಹಾಸನದಾಗೆ ಇರ್ತದೆ ಕಣ್ಲಾ. ಅವನಿಗೆ ಕರೆಂಟೂ ಬ್ಯಾಡ."

ಆದರೂ ಅಪ್ಪ ಬೇಡ ಅನ್ನಲಿಲ್ಲ. ತಮ್ಮ ಅಂದರೆ ಅವನಿಗೆ ಪ್ರಾಣ. ಜೊತೆಗೆ ಚಿಕ್ಕಪ್ಪ ಕೆಲಸ ಬಿಟ್ಟು ಬಂದದ್ದಕ್ಕೆ ಬೀದಿಯವರು ಆಡಿಕೊಳ್ಳುತ್ತಿದ್ದರು, ಏನೋ ಒಂದು ಮಾಡಿ ತೋರಿಸಲಿ ಅಂತಲೂ ಇತ್ತು. ಪೆಟ್ಟಿಗೆಯನ್ನು ಹಿಂದಿನ ಕೋಣೆಯಲ್ಲಿ ಇಟ್ಟರು. ಅದು ಬಾಣಂತಿಗೆ ಅಂತ ಸುಣ್ಣ ಹೊಡೆದು ಇಟ್ಟಿದ್ದ ಕೋಣೆ. "ರತ್ನ ಬರೋ ಹೊತ್ಗೆ ಖಾಲಿ ಮಾಡ್ಕೊಡ್ತೀನಿ ಅತ್ಗೆ," ಅಂದ. ನಡುಮನೆಯಿಂದ ಅಲ್ಲಿಗೆ ವೈರು ಎಳೆದ.

ಒಂದು ಕರಾರು ಆಯಿತು. ಬೆಳಗಿನ ಆರು ಗಂಟೆವರೆಗೆ ದೂರದ ಕಾಲಿಗೆ ದರ ಕಮ್ಮಿ. ಹಾಗಾಗಿ ಆರರ ತನಕ ಫೋನು ಪೆಟ್ಟಿಗೆಗೆ, ಆಮೇಲೆ ಮನೆಗೆ. ಅವ್ವ ಕೇಳಿದ್ದು ಒಂದೇ ಪ್ರಶ್ನೆ, ಒಂದು ವೇಳೆ ಅಕ್ಕ ಬೇಗ ಫೋನ್ ಮಾಡಿದರೆ? ಚಿಕ್ಕಪ್ಪ ಅವಳನ್ನು ಕರೆದುಕೊಂಡು ಹೋಗಿ ತೆರೆಯ ಮೇಲೆ ಒಂದು ಸಾಲು ತೋರಿಸಿದ. ಅವ್ವನಿಗೆ ಓದು ಬಾರದು. "ನೋಡತ್ಗೆ, ನಾಕ್ ರಿಂಗ್ ಆಗೋಗಂಟ ಇದು ಮುಟ್ಟಾಕಿಲ್ಲ. ಅಂಗೆ ಬರ್ದಿವ್ನಿ. ರತ್ನ ಮೂರ್ ಕೊಟ್ಟು ಇಕ್ತಾಳೆ. ಅವಳ್ದು ಅವಳಿಗೆ, ನಂದು ನಂಗೆ."

ಆ ಹೊತ್ತಿನಲ್ಲಿ ಅದು ನಿಜವೇ ಆಗಿತ್ತು. ಅದನ್ನೂ ಹೇಳಬೇಕು.

ಆಮೇಲೆ ಶುರುವಾಯಿತು ನೋಡಿ ಗೋಳು. ಸಂದೇಶ ಆಚೀಚೆ ಮಾಡುವ ಸಾಫ್ಟ್‌ವೇರನ್ನು ಫ್ಲಾಪಿಯಿಂದ ಹಾಕಬೇಕು. ಒಂದು ಫ್ಲಾಪಿ ಮುಗಿದರೆ ಇನ್ನೊಂದು ಕೇಳುತ್ತಿತ್ತು, ಕೊನೆಯದನ್ನು ಹಾಕಿದರೆ ಮೊದಲನೆಯದು ಸರಿಯಿಲ್ಲ ಅನ್ನುತ್ತಿತ್ತು. ಒಳಗೆ ಕೂತ ಮೇಲೆ ಅದಕ್ಕೆ ಒಂದೊಂದೂ ಹೇಳಿಕೊಡಬೇಕು: ನಿನ್ನ ನಂಬರು ಇದು, ಹಾಸನದವನ ನಂಬರು ಅದು, ಇಬ್ಬರಿಗೂ ಗೊತ್ತಿರುವ ಗುಟ್ಟಿನ ಮಾತು ಇದು, ಇಷ್ಟು ಗಂಟೆಗೆ ಫೋನ್ ಮಾಡು, ಇಷ್ಟು ರಿಂಗಿಗೆ ಎತ್ತು, ಬಂದದ್ದನ್ನು ಇಲ್ಲಿಡು, ಹೋಗಬೇಕಾದ್ದನ್ನು ಅಲ್ಲಿಂದ ತಗೋ. ಒಂದು ಚುಕ್ಕೆ ಹೆಚ್ಚುಕಡಿಮೆ ಆದರೂ ಹೊಸ ಸೊಸೆಯ ಹಾಗೆ ಮುಖ ತಿರುಗಿಸಿಕೊಂಡು ಕೂರುತ್ತಿತ್ತು. ಚಿಕ್ಕಪ್ಪ ಬೈಯುತ್ತಿದ್ದ, ಅಳಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಅಪ್ಪ ಗಿರಣಿಯ ಮೋಟಾರು ಹಾಕುತ್ತಿದ್ದ, ತೆರೆ ಒಂದು ಸಲ ನಡುಗಿ ಕಪ್ಪಾಗುತ್ತಿತ್ತು. ಕೋಣೆಯಿಂದ ಒಂದು ಕೂಗು. ಗಿರಣಿಯಿಂದ ಇನ್ನೊಂದು ಕೂಗು. "ನಿನ್ ಪೆಟ್ಗೆಗೋಸ್ಕರ ಊರೋರು ಇಟ್ಟಿಲ್ದೆ ಕೂತ್ಕಬೇಕೇನ್ಲಾ?"

ಅವರೆಕಾಯಿ ಕಾಲ ಅದು. ಇಬ್ಬನಿಯ ಸೊಗಡಿನ ಅವರೆ, ಮೂಟೆಗಟ್ಟಲೆ. ಜಗಲಿಯ ಮೇಲೆ ಕೂತು ನಾನು ಸುಲಿಯುತ್ತಿದ್ದೆ, ರಾತ್ರಿ ನೆನೆಹಾಕಿ ಬೆಳಗ್ಗೆ ಹಿಸುಕುತ್ತಿದ್ದೆ. ನೆನೆದ ಕಾಳನ್ನು ಎರಡು ಬೆರಳಲ್ಲಿ ಅದುಮಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಬೇಸರವಾದರೆ ಅದನ್ನೇ ಚಿಕ್ಕಪ್ಪನ ಬೆನ್ನಿಗೆ ಗುರಿಯಿಟ್ಟು ಹಾರಿಸುತ್ತಿದ್ದೆ. ಅವನಿಗೆ ಗೊತ್ತೂ ಆಗುತ್ತಿರಲಿಲ್ಲ. ಅಂಗಿಯ ಮೇಲೆ ಅವರೆಬೇಳೆ ಅಂಟಿಸಿಕೊಂಡೇ ಪೇಟೆಗೆ ಹೋಗಿಬರುತ್ತಿದ್ದ. ಕೈಬೆರಳಿಗೆಲ್ಲ ಸೊಗಡಿನ ವಾಸನೆ. ಕೋಣೆಯಿಂದ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ. ಆ ಎರಡೂ ವಾಸನೆ ನನಗೆ ಇವತ್ತಿಗೂ ಒಟ್ಟಿಗೇ ಬರುತ್ತವೆ.

ಬೆಳಗಿನ ಐದಕ್ಕೆ ಸರಿಯಾಗಿ ಪೆಟ್ಟಿಗೆ ತಾನಾಗಿ ಹಾಸನಕ್ಕೆ ನಂಬರು ಒತ್ತುತ್ತಿತ್ತು. ಎಂಗೇಜು. ಸ್ವಲ್ಪ ತಡೆದು ಮತ್ತೆ ಒತ್ತುತ್ತಿತ್ತು. ಎಂಗೇಜು. ಆರರ ತನಕ ಇದೇ. "ಈ ಹೊತ್ನಲ್ಲಿ ಅವನ ಫೋನ್ಗೆ ಯಾವನ್ ಮಾಡ್ತಾ ಕೂತಿರ್ತಾನೆ?" ಅಂತ ಚಿಕ್ಕಪ್ಪ ತಲೆ ಕೆರೆದುಕೊಳ್ಳುತ್ತಿದ್ದ. ಪ್ರಕಾಶನನ್ನು ಕೇಳೋಣ ಅಂದರೆ ಅವನ ಪೆಟ್ಟಿಗೆಯಿದ್ದದ್ದು ಅವನು ಕೆಲಸ ಮಾಡುವ ಅಂಗಡಿಯಲ್ಲಿ. ಹಗಲು ಫೋನ್ ಮಾಡಿದರೆ ಯಜಮಾನ ಎತ್ತಿ ಬೈಯುತ್ತಿದ್ದ. ಹಾಗಾಗಿ ಇಬ್ಬರೂ ಕಾರ್ಡು ಬರೆದುಕೊಳ್ಳುತ್ತಿದ್ದರು. ಅಂಚೆಗಿಂತ ಬೇಗ ಸುದ್ದಿ ಮುಟ್ಟಿಸುವ ಯಂತ್ರ ಇಡಲು ಹೊರಟ ಇಬ್ಬರು ಗಂಡಸರು, ಅಂಚೆಯವನ ದಾರಿ ಕಾಯುತ್ತಾ ಬಾಗಿಲಲ್ಲಿ ಕೂರುತ್ತಿದ್ದರು. ನಗಬೇಕು ಅನ್ನಿಸುವುದು ಈಗ.

ಪ್ರಕಾಶನ ಒಂದು ಕಾರ್ಡಿನಲ್ಲಿ ಹೀಗಿತ್ತಂತೆ: ನಾಲ್ಕು ರಿಂಗಾಗುವಷ್ಟರಲ್ಲಿ ನನ್ನ ಪೆಟ್ಟಿಗೆ ಕಾದು ಬಿಟ್ಟುಬಿಡುತ್ತಿರಬಹುದು, ನಿನ್ನದು ಒಂದಕ್ಕೇ ಎತ್ತುವ ಹಾಗೆ ಮಾಡು. ಚಿಕ್ಕಪ್ಪ ಹೋಗಿ ನಾಲ್ಕನ್ನು ಅಳಿಸಿ ಒಂದು ಮಾಡಿದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಚ್ಚಿಟ್ಟದ್ದಲ್ಲ. ಹೇಳಬೇಕಾದ ವಿಷಯ ಅಂತ ಅವನ ತಲೆಗೆ ಹೊಳೆಯಲಿಲ್ಲ. ಅವನಿಗೆ ಅದು ತೆರೆಯ ಮೇಲಿನ ಒಂದು ಅಂಕಿ.

ಇನ್ನೊಂದು ಕೆಲಸವನ್ನೂ ಮಾಡಿದ. ಆರಕ್ಕೆ ಫೋನನ್ನು ಮನೆಗೆ ಬಿಡುವ ಕರಾರನ್ನು ಮುರಿದ. ಹಾಸನದಿಂದ ತಡವಾಗಿ ಬಂದರೂ ಬರಬಹುದು ಅಂತ, ಗಿರಣಿ ಶುರುವಾಗುವ ತನಕ ಪೆಟ್ಟಿಗೆಯನ್ನು ಹಾಗೇ ಕಾಯಲು ಬಿಡುತ್ತಿದ್ದ. ಅವ್ವ ಗೊಣಗಿದಳು. "ಇವತ್ತೊಂದಿನ ಅತ್ಗೆ," ಅಂದ. ಮಾರನೇ ದಿನವೂ ಅದೇ ಅಂದ.

ಒಂದು ಬೆಳಗ್ಗೆ ಏಳೂವರೆಗೆ, ಹಾಲಿನ ಹೊತ್ತಿಗೆ, ಫೋನು ಹೊಡೆದುಕೊಂಡಿತು. ಒಂದೇ ಸಲ. ಕೂಡಲೇ ಕೋಣೆಯಲ್ಲಿ ಪೆಟ್ಟಿಗೆ ಕಿರುಚಿತು. ಆ ಸದ್ದು ಕೇಳಿದವರಿಗೇ ಗೊತ್ತು: ಮೊದಲು ಹಂದಿ ಹಿಡಿಯುವಾಗಿನ ಕೀರಲು, ಆಮೇಲೆ ಗಿರಣಿಗೆ ಕಲ್ಲು ಸಿಕ್ಕಿದಂಥ ಗರಗರ. ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಚಿಕ್ಕಪ್ಪ ಪಂಚೆ ಎತ್ತಿಕಟ್ಟಿಕೊಂಡು ಕುಣಿದ. "ಬಂತು ಅತ್ಗೆ, ಹಾಸನದ್ದು ಬಂತು. ಎಲ್ಡು ಪೆಟ್ಗೆ ಕೈ ಕುಲುಕೋವಾಗ ತಪ್ಪೋಯ್ತು ಅಷ್ಟೇ. ನಾಳೀಕ್ ಇಡೀತೀನಿ." ಇಷ್ಟು ದಿನ ಬಾರದ್ದು ಬಂತಲ್ಲ, ಕಾರ್ಡಿನ ಮಾತು ಸರಿಯಾಯಿತು ಅಂತ ಅವನ ಲೆಕ್ಕ.

ಅವ್ವ ಸೌಟು ಹಿಡಿದುಕೊಂಡೇ ಬಂದು ನಿಂತಳು. "ಇದು ಹಾಲಿನ್ ಹೊತ್ತು ಕಣಪ್ಪ ಸೋಮ. ನಮ್ ರತ್ನನ ಹೊತ್ತು."

"ರತ್ನ ಆಗಿದ್ರೆ ಮೂರ್ ಹೊಡೀಬೇಕಿತ್ತಲ್ಲತ್ಗೆ? ಒಂದೇ ಹೊಡೀತು."

ಒಂದಕ್ಕೇ ಎತ್ತಿಕೊಳ್ಳುವ ಹಾಗೆ ಮಾಡಿದವನು ಅವನೇ. ಅದನ್ನು ಮರೆತೇ ಹೇಳಿದ. ಅವ್ವನಿಗೆ ಗೊತ್ತಿದ್ದದ್ದು ನಾಲ್ಕು, ಅವಳಿಗೆ ತೋರಿಸಿದ್ದ ಸಾಲು ಅದು. ಅವನ ಮಾತು ಸರಿ ಅನ್ನಿಸಿ ಒಳಗೆ ಹೋದಳು.

ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಒಂದು ರಿಂಗು, ಮತ್ತೆ ಕಿರುಚಾಟ, ಮತ್ತೆ ನಿಶ್ಶಬ್ದ. ಚಿಕ್ಕಪ್ಪ ಪೆಟ್ಟಿಗೆ ಮಾತಾಡುವ ವೇಗ ಕಮ್ಮಿ ಮಾಡಿದ. ಅದರ ಮಾರನೇ ದಿನವೂ ಬಂತು. ವೇಗ ಇನ್ನೂ ಕಮ್ಮಿ ಮಾಡಿದ, ಗುಟ್ಟಿನ ಮಾತು ಬದಲಾಯಿಸಿದ, ಅದನ್ನು ತಿಳಿಸಲು ಕಾರ್ಡು ಬರೆದ. ಆಮೇಲೆ ಬರಲಿಲ್ಲ. ಬಾರದಿದ್ದಕ್ಕೆ ಅವನು ಊಟ ಬಿಟ್ಟು ಕೂತ. ನನಗೂ ಅಯ್ಯೋ ಅನ್ನಿಸಿ ಹಿಸುಕಿದ ಬೇಳೆ ಸಾರು, ಮುದ್ದೆ ಕೋಣೆಗೇ ಕೊಂಡುಹೋಗಿ ಕೊಟ್ಟೆ. ಇವತ್ತು ನೆನೆಸಿಕೊಂಡರೆ ಆ ಮುದ್ದೆಯನ್ನು ನಾಯಿಗೆ ಹಾಕಬೇಕಿತ್ತು ಅನ್ನಿಸುತ್ತದೆ.

ಆ ವಾರ ಅಕ್ಕನ ಕ್ಷೇಮದ ಎರಡು ರಿಂಗೂ ಇರಲಿಲ್ಲ. ಅವ್ವ ಅಪ್ಪನಿಗೆ ಹೇಳಿದಳು. ಹೋಗಿಯಾದರೂ ಬಾ ಅಂದಳು. ಹೇಳಿಕಳಿಸದೆ ಬಂದು ನಿಲ್ಲಬೇಡಿ ಅಂದ ಬೀಗಿತ್ತಿಯ ಮಾತು ಅಪ್ಪನಿಗೆ ಚುಚ್ಚುತ್ತಿತ್ತು. ಕಣದ ಕೆಲಸ ಮುಗಿದಿರುವುದಿಲ್ಲ, ಮುಗಿದ ಕೂಡಲೇ ಅವಳೇ ಹೊಡೆಯುತ್ತಾಳೆ ಅಂದ. ಹಾಗೆ ಹೇಳುತ್ತಿರುವಾಗಲೇ ಧನುರ್ಮಾಸ ಹುಟ್ಟಿತು. ಬೆಳಗಿನ ಜಾವಕ್ಕೆ ದೇವಸ್ಥಾನದ ಗಂಟೆ, ಮೆಣಸಿನ ಹುಗ್ಗಿಯ ವಾಸನೆ. ಅವ್ವ ಹುಗ್ಗಿಯ ದೊನ್ನೆ ಕೈಯಲ್ಲಿ ಹಿಡಿದುಕೊಂಡು, ಅದನ್ನು ತಿನ್ನದೆ, ನಡುಮನೆಯ ಗೂಡನ್ನೇ ನೋಡುತ್ತಾ ಕೂತಿದ್ದಳು.

ಅದರ ಮೇಲೆ ಒಂದು ಸಂಜೆ ಪ್ರಕಾಶನೇ ಹಾಸನದಿಂದ ಬಸ್ಸಿನಲ್ಲಿ ಬಂದಿಳಿದ. ಕಾರ್ಡು ಬರೆದು ಬರೆದು ಅವನಿಗೂ ಸಾಕಾಗಿತ್ತು. ಸಣಕಲು ಹುಡುಗ, ಅವ್ವನನ್ನು ಅಕ್ಕ ಅಕ್ಕ ಅನ್ನುತ್ತಿದ್ದ. ಇಬ್ಬರೂ ಕೋಣೆಯಲ್ಲಿ ಕೂತು ಮೊದಲಿಂದ ಎಲ್ಲ ತೆಗೆದು ನೋಡಿದರು. ತಪ್ಪು ಸಿಕ್ಕಿತು. ಚಿಕ್ಕಪ್ಪನ ಪೆಟ್ಟಿಗೆ ಐದಕ್ಕೆ ಹಾಸನಕ್ಕೆ ಫೋನ್ ಮಾಡುತ್ತಿತ್ತು. ಪ್ರಕಾಶನ ಪೆಟ್ಟಿಗೆಯೂ ಅದೇ ಐದಕ್ಕೆ ಇಲ್ಲಿಗೆ ಫೋನ್ ಮಾಡುತ್ತಿತ್ತು. ಅವನಿಗೆ ತೊಂದರೆಯಾಗದಿರಲಿ ನಾನೇ ಮಾಡುತ್ತೇನೆ ಅಂತ ಇವನು, ಇವನಿಗೆ ಯಾಕೆ ತೊಂದರೆ ಅಂತ ಅವನು. ಇಬ್ಬರೂ ಒಟ್ಟಿಗೇ ಕರೆಯುತ್ತಿದ್ದರೆ ಎತ್ತುವವರು ಯಾರು? ದಿನಾ ಎಂಗೇಜು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನು ಮೇಲೆ ಹಾಸನದ್ದೇ ಮಾಡಲಿ, ಇ‍ಲ್ಲಿಯದು ಸುಮ್ಮನೆ ಕಾಯಲಿ ಅಂತ ಬರೆದು ಮಲಗಿದರು.

ಬೆಳಗಿನ ಐದಕ್ಕೆ ಹಾಸನದಲ್ಲಿ ಯಾರೂ ಇಲ್ಲದ ಅಂಗಡಿಯಿಂದ ಆ ಪೆಟ್ಟಿಗೆ ತಾನೇ ಫೋನ್ ಮಾಡಿತು. ನಮ್ಮದು ಒಂದಕ್ಕೇ ಎತ್ತಿತು, ಕಿರುಚಿತು, ಗರಗರ ಅಂದಿತು, ಈ ಸಲ ಸುಮ್ಮನಾಗಲಿಲ್ಲ. ತೆರೆಯ ಮೇಲೆ ಸಾಲುಗಳು ಓಡಿದವು. ಪ್ರಕಾಶ ಹೊರಡುವ ಮುಂಚೆ ಅಲ್ಲಿ ಬರೆದಿಟ್ಟಿದ್ದ ಸಂದೇಶ ಬಂದು ನಿಂತಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಚಿಕ್ಕಪ್ಪ ಗಟ್ಟಿಯಾಗಿ ಓದಿದ: "ಹಾಸನದಿಂದ ನಮಸ್ಕಾರ. ತಲುಪಿದರೆ ತಿಳಿಸಿ." ಓದಿ ಕಣ್ಣೊರೆಸಿಕೊಂಡ. ಅಪ್ಪ ಅವನ ಬೆನ್ನು ತಟ್ಟಿದ.

ತಿಂಡಿಗೆ ಕೂತಾಗ ಅವರೆಕಾಳು ಉಪ್ಪಿಟ್ಟು. ಚಿಕ್ಕಪ್ಪ ಗೆದ್ದ ಎತ್ತಿನ ಹಾಗೆ ಮಾತಾಡುತ್ತಿದ್ದ. "ಆದ್ರೂ ಹಿಂದೆ ಮೂರ್ ದಿನ ಏಳೂವರೇಲಿ ಮಾಡಿದ್ಯಲ್ಲ ಪ್ರಕಾಶ, ಅವಾಗ್ಯಾಕೆ ಕೂಡ್ಕಳ್ಲಿಲ್ಲ?"

ಪ್ರಕಾಶ ತುತ್ತು ಬಾಯಿಗಿಟ್ಟುಕೊಂಡೇ ಹೇಳಿದ. "ಏಳೂವರೇಲಾ? ಆರರ ಮೇಲೆ ನಾನು ಯಾವತ್ತೂ ಮಾಡೇ ಇಲ್ವಲ್ಲ. ಆರಕ್ಕೇ ಪೆಟ್ಗೆ ಆಫ್ ಮಾಡ್ತೀನಿ, ಯಜಮಾನ್ರು ಬಂದ್ಬುಡ್ತಾರೆ."

ಅವ್ವ ನನ್ನ ಪಕ್ಕದಲ್ಲಿ ಅವರೆಕಾಳಿನ ಪಾತ್ರೆಯೊಳಗೆ ಕೈಯಾಡಿಸುತ್ತಾ ಕೂತಿದ್ದಳು. ಆ ಕೈ ನಿಂತಿತು.

"ಸೋಮ," ಅಂದಳು. "ನಿನ್ ಪೆಟ್ಗೆ ಎಷ್ಟಕ್ಕೆ ಎತ್ಕತದೆ ಈಗ?"

ಚಿಕ್ಕಪ್ಪನ ಮುಖ ಬೂದಿಯಾಯಿತು. ಉತ್ತರ ಬೇಕಾಗಿಯೂ ಇರಲಿಲ್ಲ. ಒಂದು ರಿಂಗಿನ ಲೆಕ್ಕ ಈಗ ನನ್ನಂಥವಳಿಗೂ ತಿಳಿದುಹೋಗಿತ್ತು. ಅವ್ವ ಅಳಲಿಲ್ಲ, ಬೈಯಲಿಲ್ಲ. ಎದ್ದು ಕೈ ತೊಳೆದುಕೊಂಡು ಅಪ್ಪನ ಮುಂದೆ ಬಿಳೀ ಅಂಗಿ ತಂದಿಟ್ಟಳು.

ಅಪ್ಪ ಗಿರಣಿ ಮುಚ್ಚಿ ಅರಕಲಗೂಡಿನ ಬಸ್ಸು ಹತ್ತಿದ. ಚಿಕ್ಕಪ್ಪ ಜೊತೆಗೆ ಹೋಗಲಿಲ್ಲ, ಯಾವ ಮುಖ ಇಟ್ಟುಕೊಂಡು ಬರಲಿ ಅಂದ. ಇದ್ದ ಮುಖವನ್ನೇ ಇಟ್ಟುಕೊಂಡು ಹೋಗಬೇಕಿತ್ತು. ಆ ಪೆಟ್ಟಿಗೆ ಏನು ಅಂತ ಬಿಡಿಸಿ ಹೇಳಬಲ್ಲವನು ಅವನೊಬ್ಬನೇ. ಹಿಟ್ಟಿನ ಗಿರಣಿಯವನು ಏನು ಹೇಳಿಯಾನು?

ಸಂಜೆ ಅಪ್ಪ ಒಬ್ಬನೇ ಬಂದ. ಅವ್ವ ಕೊಟ್ಟು ಕಳಿಸಿದ್ದ ಅವರೆಕಾಯಿ ಚೀಲ ಅಲ್ಲಿ ಉಳಿದಿತ್ತು, ಮಗಳೂ ಅಲ್ಲೇ ಉಳಿದಿದ್ದಳು. ಬೀಗಿತ್ತಿ ಜಗಳ ಆಡಲಿಲ್ಲವಂತೆ. ಕಾಫಿ ಕೊಟ್ಟು ಕೂರಿಸಿ ಹೇಳಿದಳಂತೆ, ಕಣ ಎದ್ದ ದಿನದಿಂದಲೇ ನಿಮ್ಮ ಮಗಳು ಅಷ್ಟು ಹೊಟ್ಟೆ ಹೊತ್ತುಕೊಂಡು ಡೈರಿ ಹತ್ತಿರ ಹೋಗಿ ಫೋನ್ ಮಾಡಿದಳು, ಮೂರು ದಿನ ಮಾಡಿದಳು, ನೀವು ಬರಲಿಲ್ಲ, ಈಗ ಶೂನ್ಯಮಾಸ, ಹೊಸ್ತಿಲು ದಾಟಿಸುವುದಿಲ್ಲ. ಅದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಅವಳು ಹೇಳಿದ ಮಾತಿಗೆ ಅವಳು ನಡೆದುಕೊಂಡಿದ್ದಳು.

ಅಕ್ಕ ಮೂರು ದಿನವೂ ಮೂರು ರಿಂಗು ಕೊಡೋಣ ಅಂತಲೇ ಹೋಗಿದ್ದಳು. ಒಂದು ಆಗುವಷ್ಟರಲ್ಲಿ ಆಚೆ ಕಡೆ ಎತ್ತುತ್ತಿತ್ತು. ಕಿವಿಗೆ ಆ ಕೂಗು. ಎತ್ತಿದ್ದಕ್ಕೆ ಅಂಗಡಿಯವನು ದುಡ್ಡೂ ಕೇಳಿದ. ಮೂರನೇ ದಿನ ಅವನೇ ಅಂದನಂತೆ, ನಿಮ್ಮಪ್ಪ ಯಾರ ಫೋನೂ ಬೇಡ ಅಂತ ಮಿಷಿನ್ ಇಡಿಸಿಕೊಂಡಿರಬೇಕು ಕಣವ್ವ, ಆಫೀಸುಗಳಲ್ಲಿ ಇಡುತ್ತಾರೆ. ಅಕ್ಕ ಅದನ್ನೇ ನಂಬಿಕೊಂಡು ಹಾಲಿನ ಕ್ಯಾನು ಎತ್ತಿಕೊಂಡು ಮನೆಗೆ ಹೋದಳು.

ಅಪ್ಪ ಹೊರಡುವಾಗ ಅಕ್ಕ ಬಾಗಿಲ ತನಕ ಬಂದು ಒಂದೇ ಮಾತು ಹೇಳಿದ್ದಳು. ಅಪ್ಪ ಅದನ್ನು ಅವ್ವನಿಗೆ ಹೇಳುವಾಗ ನಾನು ಅಲ್ಲೇ ಇದ್ದೆ.

"ಬ್ಯಾಡ ಅನ್ನೋದಿದ್ರೆ ಬ್ಯಾಡ ಅಂತ ಒಂದ್ ಮಾತ್ ಅನ್ಬೋದಿತ್ತು ಕಣಪ್ಪ. ಕಿವೀಗೆ ಆ ಕೂಗ್ ಯಾಕೆ ಕೂಗ್ಸುದ್ರಿ?"

ಅಪ್ಪ ಪೆಟ್ಟಿಗೆಯ ವಿಷಯ ಹೇಳಲು ನೋಡಿದನಂತೆ. ಚಿಕ್ಕಪ್ಪ ಹೇಳಿಕೊಟ್ಟದ್ದೇ ಅವನಿಗೆ ಸರಿಯಾಗಿ ಅರ್ಥವಾಗಿರಲಿಲ್ಲ. ಹೇಳಹೇಳುತ್ತಾ ಅದು ಸುಳ್ಳು ಕಟ್ಟಿದ ಹಾಗೆ ಕೇಳಿಸಿತು.

ಸಂಕ್ರಾಂತಿಗೆ ಮುಂಚೆ ಅಕ್ಕನಿಗೆ ಹೆಣ್ಣುಮಗು ಆಯಿತು. ತಾಯಿ ಮಗು ಚೆನ್ನಾಗಿದ್ದರು. ಬೀಗಿತ್ತಿ ಬಾಣಂತನವನ್ನು ಅವ್ವನಷ್ಟೇ ಚೆನ್ನಾಗಿ ಮಾಡಿದಳು. ಯಾರೂ ಸಾಯಲಿಲ್ಲ, ಯಾರ ಮನೆಯೂ ಮುರಿಯಲಿಲ್ಲ, ಅದಕ್ಕೇ ಇದನ್ನು ಯಾರೂ ದೊಡ್ಡ ವಿಷಯ ಅಂತ ಎಣಿಸಲಿಲ್ಲ. ಅಕ್ಕ ಹಬ್ಬಕ್ಕೆ ಬರುತ್ತಿದ್ದಳು, ಬಾವನ ಜೊತೆ ಬಂದು, ಉಂಡು, ಸೀರೆ ಕುಂಕುಮ ತೆಗೆದುಕೊಂಡು, ಸಂಜೆ ಬಸ್ಸಿಗೆ ಹೊರಡುತ್ತಿದ್ದಳು. ನೆಂಟರ ಹಾಗೆ. ಎರಡನೇ ಹೆರಿಗೆಗೂ ಬರಲಿಲ್ಲ. ಕರೆದರೆ, ಅಲ್ಲೇ ಅಭ್ಯಾಸ ಆಗಿದೆ ಬಿಡವ್ವ ಅಂದಳು. ಹಾಲಿನ ಹೊತ್ತಿಗೆ ಆಮೇಲೆ ಒಂದು ದಿನವೂ ನಮ್ಮ ಫೋನು ಎರಡು ರಿಂಗು ಹೊಡೆಯಲಿಲ್ಲ. ಅವ್ವ ಮಾತ್ರ ಆ ಹೊತ್ತಿಗೆ ಒಲೆ ಊದುವುದನ್ನು ನಿಲ್ಲಿಸುತ್ತಿದ್ದಳು, ಕೊನೆಯ ತನಕ.

ಬಾಣಂತಿ ಬರಲಿಲ್ಲ, ನಾನೂ ಸ್ಕೂಲಿಗೆ ವಾಪಸ್ ಹೋಗಲಿಲ್ಲ. ಎರಡು ತಿಂಗಳು ಅಂದದ್ದು ಹಾಗೇ ಉಳಿಯಿತು. ಕೆಲಸಕ್ಕೆ ಕೈ ಅಭ್ಯಾಸವಾದ ಮೇಲೆ ಯಾರು ಕಳಿಸುತ್ತಾರೆ? ಬೇಗ ಮದುವೆಯಾದೆ, ನನ್ನ ಮಗಳಿಗೂ ಬೇಗ ಆಯಿತು, ಐವತ್ತು ತುಂಬುವ ಮುಂಚೆಯೇ ಅಜ್ಜಿಯಾಗಿ ಕೂತಿದ್ದೇನೆ. ಚಿಕ್ಕಪ್ಪನ ಬೋರ್ಡು ಒಂದಷ್ಟು ತಿಂಗಳು ನಡೆಯಿತು. ಅದರೊಳಗೆ ಚಿಕ್ಕಪ್ಪ ಪ್ರಕಾಶನಿಗೆ ಬರೆಯುತ್ತಿದ್ದ, ಪ್ರಕಾಶ ಚಿಕ್ಕಪ್ಪನಿಗೆ ಬರೆಯುತ್ತಿದ್ದ. ತೆಂಗಿನಕಾಯಿಯವರು, ಆಲೂಗಡ್ಡೆಯವರು ಕಂಡಕ್ಟರ ಕೈಯಲ್ಲೇ ಚೀಟಿ ಕಳಿಸಿಕೊಂಡರು. ಚನ್ನರಾಯಪಟ್ಟಣದವನು ಪೆಟ್ಟಿಗೆ ಇಡಲೇ ಇಲ್ಲ.

ಈಗ ನನ್ನ ಮೊಮ್ಮಗಳು ಫೋನು ಸದ್ದು ಮಾಡುವ ಮುಂಚೆಯೇ ಎತ್ತುತ್ತಾಳೆ. ನನ್ನ ಮಗಳು ಹಾಸನದಿಂದ ದಿನಕ್ಕೆ ಹತ್ತು ಸಲ ಮುಖ ತೋರಿಸುತ್ತಾಳೆ. ಬೇಡ ಅನ್ನುವುದಿಲ್ಲ, ಒಳ್ಳೆಯದೇ. ಆದರೆ ಎಣಿಸುವುದು ಯಾರಿಗೂ ಗೊತ್ತಿಲ್ಲ. ಆಚೆ ಹೊಡೆಯುತ್ತಿರುವವಳು ಯಾರು, ಯಾವ ಹೊತ್ತು, ಇನ್ನೊಂದು ಹೊಡೆಯುತ್ತಾಳೋ ಇಲ್ಲವೋ ಅಂತ ಉಸಿರು ಹಿಡಿದು ಇಡೀ ಮನೆ ಸುಮ್ಮನಾಗುತ್ತಿತ್ತಲ್ಲ, ಅದು ಹೋಯಿತು. ಅಕ್ಕನಿಗೂ ಈಗ ಒಂದು ಮೊಬೈಲಿದೆ. ನನಗೆ ಬೆಳಗ್ಗೆ ಹೂವಿನ ಚಿತ್ರ ಕಳಿಸುತ್ತಾಳೆ, ಊರಿಗೆಲ್ಲ ಕಳಿಸುವುದನ್ನೇ. ಆ ಮೂರು ದಿನದ ವಿಷಯ ನಾವಿಬ್ಬರೂ ಇವತ್ತಿನ ತನಕ ಎತ್ತಿಲ್ಲ.

ಅಪ್ಪ ಒಬ್ಬನೇ ಬಂದ ಮಾರನೇ ಬೆಳಗ್ಗೆ ನಾನು ಎಲ್ಲರಿಗಿಂತ ಮುಂಚೆ ಎದ್ದೆ. ಹಿಂದಿನ ಕೋಣೆಗೆ ಹೋಗಿ ಕೆಂಪು ದೀಪದ ಪೆಟ್ಟಿಗೆಯಿಂದ ವೈರು ಕಿತ್ತೆ. ಸುತ್ತಿಕೊಂಡು ಬಂದು ನಡುಮನೆಯ ಫೋನಿಗೆ ಚುಚ್ಚಿದೆ. ಚಿಕ್ಕಪ್ಪ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದ, ನೋಡಿ ಗೋಡೆ ಕಡೆ ಹೊರಳಿದ. ಹಾಲಿನ ಹೊತ್ತಿನ ತನಕ ಗೂಡಿನ ಕೆಳಗೆ ಕೂತಿದ್ದೆ. ಆಮೇಲೆ ಅಕ್ಕನ ಡೈರಿ ಪಕ್ಕದ ಅಂಗಡಿಯ ನಂಬರು, ಅಪ್ಪ ಹಿಂದಿನ ದಿನ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದದ್ದು, ತಿರುಗಿಸಿದೆ. ಒಂದು ಹೊಡೆಯಿತು. ಎರಡು ಹೊಡೆಯಿತು. ಅಲ್ಲಿಯೂ ಯಾರೋ ಎಣಿಸುತ್ತಿರಬೇಕು, ಎತ್ತಲಿಲ್ಲ. ಮೂರು ಹೊಡೆಯಿತು. ಇಟ್ಟುಬಿಟ್ಟೆ.

ಒಳಗೆ ಹೋಗಿ, ನೆನೆದಿದ್ದ ಅವರೆಕಾಳು ಹಿಸುಕಲು ಕೂತೆ.